ತೊಗರಿ ಕಡ್ಡಿ ಕಟ್ಟಿ, ಬಿಚ್ಚಿ ಕಳೆಯುವ ಲೆಕ್ಕ ಕಲಿಸುವುದು

52ರಲ್ಲಿ 27 ಕಳೆಯಲು ಹೇಳಿದರೆ ಎರಡನೇ, ಮೂರನೇ ತರಗತಿಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. 2ರಿಂದ 7 ಹೋಗುವುದಿಲ್ಲವೆಂದು 7ರಿಂದ 2 ತೆಗೆದಿರುತ್ತಾರೆ. ‘ಪಕ್ಕದ ಮನೆಯಿಂದ ಸಾಲ ತಾ’ ಎಂದು ಹಲಗೆಯ ಮೇಲೆ ಎಷ್ಟು ಸಲ ತೋರಿಸಿದರೂ ಇದು ಸರಿಹೋಗದು. ಒಂದು ತಂದರೆ ಹತ್ತಾಗುವುದು ಹೇಗೆಂದು ಮಗು ತನ್ನ ಕೈಯಲ್ಲೇ ಕಾಣಬೇಕು.

ಕಲಬುರಗಿ, ಯಾದಗಿರಿ ಕಡೆ ತೊಗರಿ ರಾಶಿಯಾದ ಮೇಲೆ ಕಟ್ಟಿಗೆಗೆ ಬರವಿಲ್ಲ. ಪೆನ್ಸಿಲ್‌ಗಿಂತ ಸಣ್ಣ ಟೊಂಗೆ ಆರಿಸಿ, 10 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಕಲ್ಲಿಗೆ ಉಜ್ಜಿ. ಜೋಳದ ಕಣಕಿ ಬೇಡ; ಹತ್ತು ಸೇರಿದರೆ ಸಣ್ಣ ಮುಷ್ಟಿಗೆ ಹಿಡಿಯದು, ಸಿಪ್ಪೆಯ ಅಂಚು ಬೆರಳು ಕೊಯ್ಯುತ್ತದೆ. ಕಾಳು ಎಣಿಸಲು ಒಳ್ಳೆಯದು, ಆದರೆ ಕಟ್ಟಲು ಬಾರದು. ನಾಲ್ಕು ಮಕ್ಕಳ ಗುಂಪಿಗೆ 80 ಕಡ್ಡಿ, 10 ರಬ್ಬರ್ ಬ್ಯಾಂಡ್ ಕೊಡಿ. ಬೇಕಾಗುವುದು ಎಂಟೇ, ಆದರೆ ಬಿಸಿಲಿಗೆ ಒಣಗಿದ ರಬ್ಬರ್ ಎಳೆದಾಗ ಹರಿಯುತ್ತದೆ.

ಮೊದಲ ದಿನ ಬರೀ ಕಟ್ಟುವ ಕೆಲಸ. ನೀವೇ ಕಟ್ಟಿ ಕೊಡಬೇಡಿ. ತಾನು ಎಣಿಸದ ಕಟ್ಟಿನಲ್ಲಿ ಹತ್ತಿದೆ ಎಂದು ಮಗು ನಿಮ್ಮ ಮಾತಿಗೆ ಒಪ್ಪುತ್ತದೆ, ಅಷ್ಟೇ. ಗುಂಪುಗಳು ಕಟ್ಟುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಎಣಿಸಲಿ. ಒಂದು ಕಟ್ಟಿನಲ್ಲಿ ಒಂಬತ್ತೇ ಇದ್ದರೂ ಮುಂದಿನ ಲೆಕ್ಕ ಕೆಡುತ್ತದೆ, ತಪ್ಪು ಮಗುವಿನ ತಲೆಗೆ ಬರುತ್ತದೆ.

ಮರುದಿನ ಐದು ಕಟ್ಟು, ಎರಡು ಬಿಡಿ ಕಡ್ಡಿ ಇಡಿಸಿ. ‘ಮೊದಲು ಏಳು ಬಿಡಿ ಕೊಡು’ ಎನ್ನಿ. ‘ಎರಡೇ ಅವರಿ ಸರ, ಏಳ ಹ್ಯಾಂಗ ಕೊಡಲಿ?’ ಎಂಬ ಪ್ರಶ್ನೆ ಬಂದಾಗ ಸುಮ್ಮನಿರಿ. ಅರ್ಧ ನಿಮಿಷ ಕಾದರೆ ಗುಂಪಿನಲ್ಲಿ ಯಾರಾದರೂ ರಬ್ಬರ್‌ಗೆ ಕೈ ಹಾಕುತ್ತಾರೆ. ಕಟ್ಟು ಬಿಚ್ಚಿದ ಕ್ಷಣವೇ ಸ್ಲೇಟಿನಲ್ಲಿ 5 ಹೊಡೆದು 4, ಬಿಡಿಯ 2ರ ಬದಲು 12 ಬರೆಸಿ. ಬರವಣಿಗೆಯನ್ನು ಕೊನೆಗೆ ಇಟ್ಟರೆ ಕಡ್ಡಿ ಬೇರೆ, ಲೆಕ್ಕ ಬೇರೆ ಆಗಿಬಿಡುತ್ತದೆ. ಈ ಚಟುವಟಿಕೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಏಳು ಬಿಡಿ, ಆಮೇಲೆ ಎರಡು ಕಟ್ಟು ತೆಗೆದರೆ ಉಳಿಯುವುದು 25. ತೆಗೆದದ್ದನ್ನು ಮತ್ತೆ ಸೇರಿಸಿ 52 ಆಯಿತೇ ನೋಡಲಿ. ಚುರುಕಿನ ಮಗುವೊಂದೇ ಕಡ್ಡಿ ಹಿಡಿದು ಕೂರದಂತೆ ಪ್ರತಿ ಲೆಕ್ಕಕ್ಕೂ ಕಟ್ಟು ಬಿಚ್ಚುವವರನ್ನು, ಬರೆಯುವವರನ್ನು ಬದಲಿಸಿ.

ನಮ್ಮ ಭಾಗದ ತರಗತಿಗಳಲ್ಲಿ ಇನ್ನೊಂದು ತೊಡಕಿದೆ. ಬೀದರ್ ಕಡೆ ಮನೆಯಲ್ಲಿ ಮರಾಠಿ, ಉರ್ದು ಆಡುವ ಮಗುವಿಗೆ 52 ಎಂದರೆ ‘ಬಾವನ್ನ’, ‘ಬಾವನ್’. ಅಲ್ಲಿ ಎರಡು ಮೊದಲು ಕೇಳಿಸುತ್ತದೆ, ಐವತ್ತು ಆಮೇಲೆ. ಕನ್ನಡದ ‘ಐವತ್ತೆರಡು’ ಇದಕ್ಕೆ ತಿರುಗುಮುರುಗು. ಅಂಥ ಮಗು 52ರ ಬದಲು 25 ಎಂದು ಬರೆದರೆ ಗದರಬೇಡಿ. ‘ಕಟ್ಟು ಎಷ್ಟು? ಬಿಡಿ ಎಷ್ಟು?’ ಎಂದು ಕೇಳಿ, ಕಟ್ಟುಗಳನ್ನು ಯಾವಾಗಲೂ ಮಗುವಿನ ಎಡಗಡೆಗೇ ಇಡಿಸಿ.

ಐದಾರು ಲೆಕ್ಕವಾದ ಮೇಲೆ 40ರಲ್ಲಿ 16 ಕೊಡಿ. ಬಿಡಿ ಕಡ್ಡಿ ಒಂದೂ ಇಲ್ಲದಿದ್ದರೂ, ಹೇಳಿಸಿಕೊಳ್ಳದೆ ಕಟ್ಟು ಬಿಚ್ಚಿದ ಮಗುವಿಗೆ ಮರುದಿನದಿಂದ ಸ್ಲೇಟು ಸಾಕು. ತಡವರಿಸುವವರಿಗೆ ಇನ್ನೂ ಎರಡು ದಿನ ಕಡ್ಡಿ ಕೈಯಲ್ಲಿರಲಿ.