ಬರಪೊಳೆಯಲ್ಲಿ ರ‍್ಯಾಫ್ಟ್‌ನಿಂದ ಬಿದ್ದರೆ

ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ಮಳೆಗಾಲದ ರ‍್ಯಾಫ್ಟಿಂಗ್‌ಗೆ ಇಳಿಯುವವರು ಹುಟ್ಟು ಹಾಕುವುದಕ್ಕಿಂತ ಮೊದಲು ಬೀಳುವುದನ್ನು ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬಿದ್ದೊಡನೆ ಎದ್ದು ನಿಲ್ಲಬೇಕೆನಿಸುವುದು ಸಹಜ, ಆದರೆ ನಿಲ್ಲಬೇಡಿ. ತೊಡೆಯುದ್ದದ ನೀರಿನಲ್ಲೂ ಪಾದವು ಬಂಡೆಗಳ ಸಂದಿಗೆ ಸಿಕ್ಕಿದರೆ, ಹಿಂದಿನಿಂದ ನೂಕುವ ಸೆಳವು ದೇಹವನ್ನು ಬಗ್ಗಿಸಿ ಮುಖವನ್ನು ನೀರಿನೊಳಗೆ ಒತ್ತಿ ಹಿಡಿಯುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳುಗಳು ನೀರಿನ ಮೇಲೆ ಕಾಣುವಂತೆ ಇಟ್ಟುಕೊಂಡು, ಎದುರಾಗುವ ಬಂಡೆಯನ್ನು ಅಂಗಾಲಿನಿಂದ ಒದ್ದು ಸರಿಯಿರಿ. ಅಲೆಯ ತಗ್ಗಿನಲ್ಲಿ ಉಸಿರೆಳೆದುಕೊಳ್ಳಿ. ಬಂಡೆಯ ಮರೆಯಲ್ಲಿ ನೀರು ಹಿಂದಕ್ಕೆ ಸುತ್ತುವ ಶಾಂತ ಜಾಗ ಕಂಡರೆ, ಮಗುಚಿಕೊಂಡು ಅತ್ತ ಬಲವಾಗಿ ಈಜಿರಿ. ಎಸೆದ ಹಗ್ಗವನ್ನು ಎದೆಗೊತ್ತಿ ಹಿಡಿಯಿರಿ, ಕೈಗೆ ಸುತ್ತಿಕೊಳ್ಳಲೇಬೇಡಿ. ಉರುಳಿದ ಮರ ಅಡ್ಡವಿದ್ದು ತಪ್ಪಿಸಿಕೊಳ್ಳಲಾಗದಿದ್ದರೆ ಮಾತ್ರ ತಲೆ ಮುಂದಾಗಿ ಈಜಿ ಅದರ ಮೇಲೇರಿ.