ಫಾಕ್ಸ್‌ಪ್ರೊ ಬಡ್ಡಿ ಲೆಕ್ಕ ಪೈಸೆ ತಪ್ಪದೆ ಪೈಥಾನ್‌ಗೆ ಬಂದದ್ದು: ನನ್ನ ಅನುಭವ

ಸಹಕಾರ ಸಂಘವೊಂದರ ಠೇವಣಿ, ಸಾಲದ ಪ್ರೋಗ್ರಾಂ. ಬರೆದದ್ದು ವಿಷುಯಲ್ ಫಾಕ್ಸ್‌ಪ್ರೊ 9 ಎಂಬ ಹಳೆಯ ಡೇಟಾಬೇಸ್ ಭಾಷೆಯಲ್ಲಿ, ಹೆಚ್ಚುಕಮ್ಮಿ 38 ಸಾವಿರ ಸಾಲು. ಸಾಲಿಗೆ ಸಾಲು ಪೈಥಾನ್ ಭಾಷೆಗೆ ದಾಟಿಸ್ತೀನಿ ಅಂದಾಗ "ಆ ಕಸವನ್ನೆಲ್ಲ ಯಾಕೆ ಹೊರ್ತೀರಿ, ಹೊಸದಾಗಿ ಬರೀರಿ" ಅಂದವರೇ ಎಲ್ಲ. ಹಾಗೆ ಬರೆದದ್ದಕ್ಕೆ ನಾಲ್ಕು ತಿಂಗಳು, ಸುಮಾರು ಎರಡು ಲಕ್ಷ ಹೋಯಿತು. ಒಂದು ತಿಂಗಳ ಬಡ್ಡಿಯೂ ಹಳೆಯದಕ್ಕೆ ತಾಳೆಯಾಗಲಿಲ್ಲ. ತಾನೇ ಕೋಡ್ ಬದಲಿಸುವ ಟೂಲ್‌ಗೆ ಇನ್ನೊಂದು ಮೂವತ್ತು ಸಾವಿರ. ಅದು ಸಿಂಟ್ಯಾಕ್ಸ್ (ಬರೆಯುವ ರೀತಿ) ಬದಲಿಸಿತು, ನಡವಳಿಕೆ ಬದಲಿಸಿದ್ದು ನಮಗೆ ಗೊತ್ತಾಗಲೇ ಇಲ್ಲ.

ಕೊನೆಗೆ ಗೆದ್ದದ್ದು ಹೀಗೆ. ಮೊದಲು ಸೀಕ್ (ರೆಕಾರ್ಡ್ ಹುಡುಕುವುದು), ಸ್ಕ್ಯಾನ್ (ಒಂದೊಂದಾಗಿ ಓದುವುದು), ರಿಪ್ಲೇಸ್ (ಫೀಲ್ಡ್‌ಗೆ ಬರೆಯುವುದು), ವರ್ಕ್ ಏರಿಯಾ (ತೆರೆದ ಟೇಬಲ್ ಇರುವ ಜಾಗ) ಇಷ್ಟೂ ಫಾಕ್ಸ್‌ಪ್ರೊದಂತೆಯೇ ನಡೆಯುವ ಒಂಬೈನೂರು ಸಾಲಿನ ಲೈಬ್ರರಿ. ಅದರ ಮೇಲೆ ಹಳೆ ಕೋಡ್, ಅದೇ ಹೆಸರು, ಅದೇ ಕ್ರಮ. ಚಂದ ಮಾಡುವ ಕೆಲಸ ಆಮೇಲೆ.

ಬಡ್ಡಿ ತಪ್ಪಿದ ಜಾಗ ರಿಪ್ಲೇಸ್. ಫೀಲ್ಡ್ ಎರಡು ದಶಮಾಂಶದ್ದಾದರೆ ಪ್ರತಿ ಸಲ ಬರೆಯುವಾಗಲೂ ಮೊತ್ತ ದುಂಡಾಗುತ್ತದೆ. 12,345 ರೂಪಾಯಿಗೆ ಶೇ 9ರಂತೆ ದಿನದ ಬಡ್ಡಿ 3.04397, ಫೀಲ್ಡ್‌ನಲ್ಲಿ ಉಳಿಯೋದು 3.04. ಮೂವತ್ತು ದಿನ ಕೂಡಿಸಿದರೆ 91.20. ಪೈಥಾನ್‌ನಲ್ಲಿ ನೇರ ಕೂಡಿಸಿ ಕೊನೆಗೆ ದುಂಡಾಗಿಸಿದರೆ 91.32. ಹನ್ನೆರಡು ಪೈಸೆ, ಸಾವಿರಾರು ಖಾತೆಗೆ. ಜೊತೆಗೆ ಪೈಥಾನ್‌ನ ರೌಂಡ್ 12.5ನ್ನು 12 ಮಾಡುತ್ತದೆ, ಫಾಕ್ಸ್‌ಪ್ರೊ 13. ಫಾಕ್ಸ್‌ಪ್ರೊ ಫೈಲ್ ಓದುವ ಪೈಥಾನ್ ಲೈಬ್ರರಿ ಡಿಬಿಎಫ್‌ರೀಡ್ ದಶಮಾಂಶದ ಅಂಕಿಯನ್ನು ಫ್ಲೋಟ್ (ಅಂದಾಜು ದಶಮಾಂಶ) ಆಗಿ ಕೊಡುತ್ತದೆ. ಅದರ ಫೀಲ್ಡ್ ಪಾರ್ಸರ್ (ಫೀಲ್ಡ್ ಓದುವ ಭಾಗ) ಬದಲಿಸಿ ಡೆಸಿಮಲ್ (ನಿಖರ ದಶಮಾಂಶ) ಮಾಡಿಕೊಂಡೆ, ದುಂಡಾಗಿಸಲು ಅರ್ಧವನ್ನು ಮೇಲಕ್ಕೇರಿಸುವ ರೌಂಡ್ ಹಾಫ್ ಅಪ್.

ಫಾಕ್ಸ್‌ಪ್ರೊದಲ್ಲಿ ಸೆಟ್ ಎಗ್ಸಾಕ್ಟ್ (ಪೂರ್ತಿ ಹೋಲಿಕೆ ಬೇಕೆನ್ನುವ ಸೆಟ್ಟಿಂಗ್) ಆಫ್ ಇದ್ದಾಗ "ಎಸ್‌ಬಿ" = "ಎಸ್" ನಿಜ. ಬಲಗಡೆ ಖಾಲಿ ಸ್ಟ್ರಿಂಗ್ (ಅಕ್ಷರ ಸರಣಿ) ಇದ್ದರಂತೂ ಎಲ್ಲವೂ ನಿಜ. ಆದ್ದರಿಂದ ಸ್ಟ್ರಿಂಗ್‌ಗಳನ್ನು ಹೋಲಿಸುವ ಒಂಟಿ ಸಮಚಿಹ್ನೆ ಇದ್ದಲ್ಲೆಲ್ಲ ಪೈಥಾನ್‌ನ ಸ್ಟಾರ್ಟ್ಸ್‌ವಿತ್ (ಇದರಿಂದ ಶುರುವಾಗುತ್ತದೆಯೇ ಎಂದು ನೋಡುವುದು). ಡಿಬಿಎಫ್‌ರೀಡ್ ಕತ್ತರಿಸಿದ ಕೊನೆಯ ಸ್ಪೇಸ್‌ಗಳನ್ನು ಫೀಲ್ಡ್ ಅಗಲಕ್ಕೆ ಮತ್ತೆ ತುಂಬಲೇಬೇಕು. ಸೀಕ್‌ಗೆ ರೆಕಾರ್ಡ್ ಸಿಗದಿದ್ದರೆ ಹಳೆಯ ಪ್ರೋಗ್ರಾಂ ಎರರ್ ಕೊಡದೆ ಫೈಲ್ ಕೊನೆಗೆ ಹೋಗಿ ಬಡ್ಡಿದರವನ್ನು ಸೊನ್ನೆ ಅಂತ ಓದುತ್ತದೆ. ಅದನ್ನೂ ಹಾಗೇ ನಕಲು ಮಾಡಿದೆ, ಆದರೆ ಲಾಗ್‌ನಲ್ಲಿ ಬರೆಸಿದೆ. ಡಿಲೀಟ್ ಗುರುತಿನ ರೆಕಾರ್ಡ್‌ಗಳದ್ದೂ ಇದೇ ಕಥೆ: ಪ್ಯಾಕ್ (ನಿಜವಾಗಿ ಅಳಿಸುವ ಆದೇಶ) ಮಾಡುವ ತನಕ ಅವು ಫೈಲಲ್ಲೇ ಇರುತ್ತವೆ, ಅವನ್ನು ಮರೆಮಾಡುವ ಸೆಟ್ ಡಿಲೀಟೆಡ್ ಆಫ್ ಇದ್ದ ಒಂದು ರಿಪೋರ್ಟ್ ಅವನ್ನೂ ಕೂಡಿಸುತ್ತಿತ್ತು. ಹಳೆ ಮೊತ್ತವೇ ತಪ್ಪು. ಆದರೂ ಮೊದಲು ಆ ತಪ್ಪಿಗೇ ತಾಳೆ ಮಾಡಿ, ಸಂಘಕ್ಕೆ ತೋರಿಸಿ, ತಿದ್ದಿದ್ದು ಆಮೇಲೆ.

ಮ್ಯಾಕ್ರೋ ಚಿಹ್ನೆಯ (ಓಡುವಾಗ ಪಠ್ಯವನ್ನೇ ಕೋಡ್ ಆಗಿಸುವ &) ಇನ್ನೂರು ಚಿಲ್ಲರೆ ಸಾಲು ದಾಟಿಸಿದ ಬಗೆ ಇಲ್ಲಿ ಬಿಡಿಸಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು.

ನಡುವೆ ನುಡಿ ಫಾಂಟ್‌ನ ಹೆಸರುಗಳನ್ನು ಯೂನಿಕೋಡ್‌ಗೆ ತರಲು ಹೋಗಿ ಒಂದು ವಾರ ಹಿಡಿಯಿತು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಅಕ್ಷರಕ್ಕೂ ಮೊದಲು. "ಶರ್ಮ" ಸರಿಯಾಗಲು ಇಡೀ ಗುಣಿತಾಕ್ಷರ ಹಿಡಿದು ಅದಲುಬದಲು ಮಾಡಬೇಕು. ಅರವತ್ತು ಹೆಸರನ್ನು ಕೈಯಲ್ಲೇ ತಿದ್ದಿದೆ.

ಐದು ತಿಂಗಳು, ಮೂರು ವರ್ಷದ ಲೆಡ್ಜರ್ ಹಳೆಯದು, ಹೊಸದು ಎರಡೂ ಕಡೆ ಓಡಿಸಿ ಡಿಫ್ (ಫಲಿತಾಂಶಗಳ ಹೋಲಿಕೆ). ಕೊನೆಯ ಓಟದಲ್ಲಿ ವ್ಯತ್ಯಾಸ ಸೊನ್ನೆ.