ಗಾಳ ಹಾಕುವ ಜಾಗವನ್ನು ಏಪ್ರಿಲ್ ಬಿಸಿಲಲ್ಲೇ ನೋಡಿಟ್ಟುಕೊಳ್ಳಬೇಕು

ತುಂಗಭದ್ರಾ ಹಿನ್ನೀರಿನ ಕೊಪ್ಪಳ ಕಡೆಯ ದಂಡೆಯಲ್ಲಿ ಗಾಳ ಹಾಕುವವರು ಬಹುಪಾಲು ನೀರು ತುಂಬಿದ ಮೇಲೆ ಜಾಗ ಹುಡುಕಲು ಹೊರಡುತ್ತಾರೆ. ಆಗ ಕಣ್ಣಿಗೆ ಬೀಳುವುದು ಬರೀ ಮೇಲಿನ ನೀರು. ಹರಿಗೋಲು ಇದ್ದವರು ಹುಟ್ಟು ಇಳಿಬಿಟ್ಟು ಆಳ ನೋಡಿಕೊಳ್ಳುತ್ತಾರೆ, ದಂಡೆಯಲ್ಲಿ ನಿಂತವರಿಗೆ ಆ ಅನುಕೂಲ ಇಲ್ಲ. ಅದಕ್ಕೆ ನಾನು ಏಪ್ರಿಲ್‌ನಿಂದ ಜೂನ್ ನಡುವಿನವರೆಗೆ, ನೀರು ಹಿಂದೆ ಸರಿದು ತಳ ಬಯಲಾದಾಗ, ಗಾಳ ಮನೆಯಲ್ಲಿಟ್ಟು ಕಾಲ್ನಡಿಗೆಯಲ್ಲಿ ಸುತ್ತುತ್ತೇನೆ. ನವೆಂಬರ್‌ನಲ್ಲಿ ಮೀನು ತಿರುಗಾಡುವ ನೆಲದ ಮೇಲೆ ಆಗ ನಡೆದು ನೋಡಬಹುದು.

ಹುಡುಕುವುದು ಇವನ್ನು: ಹಳೆಯ ಹಳ್ಳದ ಹಾದಿ, ಅದರ ಕೊರೆದ ದಡ, ಅಣೆಕಟ್ಟು ಕಟ್ಟುವ ಮೊದಲಿನ ಹೊಲಗಳ ಬದು, ಮುಳುಗಿದ ಊರುಗಳ ಕಲ್ಲುಗೋಡೆ, ಬಂಡಿದಾರಿ, ಜಾಲಿ ಬೊಡ್ಡೆ. ಇವುಗಳಿಗಿಂತ ಹೆಚ್ಚು ಸಲ ಕೈಹಿಡಿದದ್ದು ಮಸಾರಿ ನೆಲ ಎರೆಭೂಮಿಗೆ ಕೂಡುವ ಗೆರೆ. ಒಣಗಿದಾಗ ಅದು ಸ್ಪಷ್ಟ: ಒಂದು ಕಡೆ ಕೆಂಪು ಗರಸು, ಇನ್ನೊಂದು ಕಡೆ ಬಿರುಕು ಬಿಟ್ಟ ಕಪ್ಪು ಮಣ್ಣು. ಮೃಗಾಲ್, ಸಾಮಾನ್ಯ ಗೆಂಡೆ ಮೆತ್ತನೆ ಕೆಸರನ್ನು ಕೆದಕಿ ತಿನ್ನುತ್ತವೆ. ಗಾಳದ ಸೀಸ ಮಾತ್ರ ಆ ಕೆಸರಿನಲ್ಲಿ ಹೂತು ಕೊಕ್ಕೆಗೆ ಅಂಟಿಸಿದ ಹಿಟ್ಟನ್ನೂ ಒಳಗೆಳೆದುಕೊಳ್ಳುತ್ತದೆ. ಗೆರೆಯ ಗರಸಿನ ಕಡೆ, ಕೆಸರಿನಿಂದ ಎರಡು ಮಾರು ಈಚೆಗೆ ಬಿದ್ದರೆ ಹಿಟ್ಟು ಮೇಲೆ ಉಳಿಯುತ್ತದೆ, ಮೀನಿನ ಓಡಾಟದ ದಾರಿಯಲ್ಲೂ ಇರುತ್ತದೆ.

ಎರಡನೆಯದು ಇಳಿಜಾರು. ಐವತ್ತು ಅಡಿಗೆ ಒಂದು ಅಡಿ ಇಳಿಯುವ ಬಯಲಿನಲ್ಲಿ ನೂರು ಅಡಿ ದೂರ ಎಸೆದರೂ ಎರಡೇ ಅಡಿ ನೀರು. ಜಲಾಶಯ ಒಂದು ಅಡಿ ಇಳಿದರೆ ಅಂಚು ಐವತ್ತು ಅಡಿ ಹಿಂದೆ ಹೋಗುತ್ತದೆ. ಎಂಟು ಅಡಿಗೆ ಒಂದು ಅಡಿ ಇಳಿಯುವ ಕಡೆ ಅದೇ ಎಸೆತಕ್ಕೆ ಹನ್ನೆರಡು ಅಡಿ ಆಳ ಸಿಗುತ್ತದೆ. ರೀಲ್ ಇರುವ ಎಂಟು ಅಡಿ ಕೋಲು, 30 ಗ್ರಾಂ ಸೀಸದಲ್ಲಿ ನಾನು 40 ಮೀಟರ್ ಎಸೆಯುತ್ತೇನೆ. ಕೋಲಿಲ್ಲದೆ ಕೈಯಿಂದಲೇ ದಾರ ಎಸೆಯುವವರಿಗೆ 20 ಮೀಟರ್ ದಾಟುವುದು ಕಷ್ಟ. ನಿಮ್ಮ ಎಸೆತದೊಳಗೆ ಆರರಿಂದ ಹನ್ನೆರಡು ಅಡಿ ನೀರು ಸಿಗದ ದಂಡೆಯನ್ನು, ಮಳೆಗಾಲದ ಮೊದಲ ವಾರಗಳಿಗೆ ಬಿಟ್ಟು, ಉಳಿದ ಕಾಲಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಈಗ ಮುಖ್ಯ ಕೆಲಸ, ಮಟ್ಟ ಗುರುತಿಸುವುದು. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1633 ಅಡಿ, ಅಂದಿನ ಮಟ್ಟ ದಿನಪತ್ರಿಕೆಯಲ್ಲಿ ಬರುತ್ತದೆ. ಮನೆ ಕಟ್ಟುವ ಮೇಸ್ತ್ರಿಗಳ ಲೆವೆಲ್ ಪೈಪ್ (ಎರಡು ಕಡೆಯ ಎತ್ತರ ಹೋಲಿಸುವ, ನೀರು ತುಂಬಿದ ಪಾರದರ್ಶಕ ಕೊಳವೆ) 30 ಅಡಿ ಉದ್ದದ್ದು ಸಾಕು. ನೀರಿನ ಅಂಚಿನಿಂದ ಹಂತ ಹಂತವಾಗಿ ಮೇಲೆ ಬಂದು, ಕಲ್ಲುಗೋಡೆಯ ಬುಡ ಅಂದಿನ ನೀರಿಗಿಂತ ಎಷ್ಟು ಅಡಿ ಎತ್ತರದಲ್ಲಿದೆ ಎಂದು ಕೂಡಿಸಿ. ಪತ್ರಿಕೆಯ ಮಟ್ಟ 1590, ಗೋಡೆ ಬುಡ 18 ಅಡಿ ಮೇಲೆ ಇದ್ದರೆ ಗೋಡೆಯ ಮಟ್ಟ 1608. ನವೆಂಬರ್‌ನಲ್ಲಿ ಜಲಾಶಯ 1618ಕ್ಕೆ ಬಂದ ದಿನ ಆ ಬುಡದ ಮೇಲೆ ಹತ್ತು ಅಡಿ ನೀರು. ಪೈಪ್ ಇಲ್ಲದವರು ಜುಲೈನಲ್ಲಿ ನೀರು ಏರುವಾಗ ಅಂಚು ಗೋಡೆಯನ್ನು ಮುಟ್ಟಿದ ದಿನದ ಮಟ್ಟ ಬರೆದಿಟ್ಟರೂ ಆಯಿತು. ಆದರೆ ದೊಡ್ಡ ಒಳಹರಿವಿನ ದಿನಗಳಲ್ಲಿ ಮೇಲಿನ ಹಿನ್ನೀರು ಅಣೆಕಟ್ಟಿನ ಬಳಿಗಿಂತ ಸ್ವಲ್ಪ ಎತ್ತರ ನಿಲ್ಲುತ್ತದೆ, ಅಂಥ ದಿನದ ಗುರುತು ನಂಬಬಾರದು.

ತಾರೀಖು ನೋಡಿ ಜಾಗ ಆರಿಸುವುದು ಕೈಕೊಡುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಗಿ ತುಂಬಿದ ಜಲಾಶಯವನ್ನು ಅವಸರದಲ್ಲಿ ಇಳಿಸಬೇಕಾಯಿತು. "ಆಗಸ್ಟ್ ಕೊನೆಗೆ ಇಲ್ಲಿ ಗಾಳ" ಎಂದು ಬರೆದಿಟ್ಟ ಲೆಕ್ಕವೆಲ್ಲ ಆ ವರ್ಷ ಸುಳ್ಳಾಯಿತು, ಮಟ್ಟವನ್ನು ಅಡಿ ಲೆಕ್ಕದಲ್ಲಿ ಬರೆದದ್ದು ಮಾತ್ರ ಉಳಿಯಿತು. ಹಾಗೆಯೇ ಹಳೆಯ ಪಟ್ಟಿಯನ್ನು ಪ್ರತಿ ಬೇಸಿಗೆ ತಿದ್ದಬೇಕು. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಬಂದಿರುವುದು ಹೂಳಿನಿಂದ. ಆ ಹೂಳು ನಮ್ಮ ಬದು, ಗೋಡೆಗಳನ್ನೂ ಮುಚ್ಚುತ್ತದೆ.

ಮುಳುಗಿದ ಜಾಗವನ್ನು ಮತ್ತೆ ಕಂಡುಹಿಡಿಯಲು ಫೋನಿನ ನಕ್ಷೆಯಲ್ಲಿ ಗುರುತು ಹಾಕುತ್ತೇನೆ, ಆದರೆ ಅದೊಂದೇ ಸಾಲದು, ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಗೋಡೆಯ ಮೇಲೆ ನಿಂತು ಊರ ಕಡೆ ಮುಖ ಮಾಡಿ ಒಂದರ ಹಿಂದೊಂದು ಸಾಲಾಗುವ ಎರಡು ಗುರುತು ಹಿಡಿಯಿರಿ: ಹತ್ತಿರದ ಕರೆಂಟ್ ಕಂಬ, ಅದರ ಹಿಂದೆ ಬೇವಿನ ಮರ. ನೀರು ಬಂದ ಮೇಲೆ ದಂಡೆಯಲ್ಲಿ ಅವೆರಡೂ ಸಾಲಾಗುವ ಕಡೆ ನಿಂತು, ಬೆನ್ನು ತಿರುಗಿಸಿ ನೇರ ಎಸೆದರೆ ದಾರ ಗೋಡೆಯ ಮೇಲೇ ಹೋಗುತ್ತದೆ. ಎಷ್ಟು ದೂರ ಎಸೆಯಬೇಕೆಂಬ ಗುರುತಿಗೆ ದಾರದ ಮೇಲೆ ಕೆಂಪು ನೂಲಿನ ಗಂಟು.

ಬೇಸಿಗೆಯಲ್ಲಿ ನೋಡಲಾಗದಿದ್ದರೆ ಬರೀ ಸೀಸದಿಂದ ತಳ ತಡಕಬಹುದು. ಕೊಕ್ಕೆ ಕಟ್ಟದೆ 20 ಗ್ರಾಂ ಸೀಸ ಎಸೆದು, ಅದು ತಳ ಮುಟ್ಟಿ ದಾರ ಸಡಿಲವಾಗುವವರೆಗೆ ಎಣಿಸಿ. ಎಣಿಕೆಯ ಅಳತೆಯನ್ನು ಆಳ ಗೊತ್ತಿರುವ ಬಾವಿಯಲ್ಲಿ ಮೊದಲೇ ಕೂಡಿಸಿಕೊಳ್ಳಿ. ಆಮೇಲೆ ನಿಧಾನ ಎಳೆಯಿರಿ. ಟಕ್ ಟಕ್ ಎಂದು ಕೋಲಿಗೆ ಬಂದರೆ ಗರಸು, ಕಲ್ಲು. ಭಾರವಾಗಿ ಒಂದೇ ಸಮ ಬಂದರೆ ಕೆಸರು. ಎಳೆದಂತೆ ಹಿಗ್ಗಿ ಪಟ್ಟನೆ ಬಿಟ್ಟರೆ ಜೊಂಡು. ಭಾರ ಇದ್ದಕ್ಕಿದ್ದಂತೆ ಹಗುರಾಗಿ ಮತ್ತೆ ಬಿಗಿದರೆ ಅದು ದಡದ ಅಂಚು, ಅಲ್ಲೇ ಗಂಟು ಹಾಕಿ. ಗೋಡೆ, ಬೊಡ್ಡೆ ಇರುವ ಕಡೆ ಸೀಸವನ್ನು ಮುಖ್ಯ ದಾರಕ್ಕಿಂತ ತೆಳು ದಾರದಲ್ಲಿ ಕಟ್ಟಬೇಕು: ಮುಖ್ಯ ದಾರ 0.35 ಮಿ.ಮೀ., ಸೀಸದ್ದು 0.20. ಸಿಕ್ಕಿಕೊಂಡರೆ ಸೀಸ ಮಾತ್ರ ಹೋಗುತ್ತದೆ, ಮೀನು ಉಳಿಯುತ್ತದೆ.

ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದರ ಮೇಲೆ ಜಾಗ ಬದಲಾಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ನೀರು ಹೊಸ ಹುಲ್ಲಿನ ಮೇಲೆ ಹರಿದಾಗ ಮೀನು ಎರಡು ಮೂರು ಅಡಿ ನೀರಿಗೇ ಬಂದು ಹುಳ ತಿನ್ನುತ್ತದೆ. ಆಗ ದೂರ ಎಸೆಯುವುದೇ ತಪ್ಪು. ಮೇಲೆ ಬಿಟ್ಟಿಟ್ಟ ಚಪ್ಪಟೆ ದಂಡೆಗಳ ಕಾಲ ಅದು, ದಂಡೆಯಿಂದ ಹತ್ತು ಹೆಜ್ಜೆ ಹಿಂದೆ ಕೂತು ಹಾಕಬೇಕು. ಹೊಟ್ಟೆ ತುಂಬ ಮೊಟ್ಟೆಯಿರುವ ರೋಹು, ಕಾಟ್ಲಾ ಸಿಕ್ಕರೆ ದಯವಿಟ್ಟು ಬಿಡಿ. ಜನವರಿಯ ನಂತರ ಇಳಿಯುವ ನೀರಿನಲ್ಲಿ ಮೀನು ಬಯಲು ಬಿಟ್ಟು ಹಳ್ಳದ ಹಾದಿ ಸೇರುತ್ತದೆ. ಹಾದಿ ದಂಡೆಗೆ ಹತ್ತಿರ ಬರುವ ತಿರುವುಗಳಷ್ಟೇ ಆಗ ಕೆಲಸಕ್ಕೆ ಬರುತ್ತವೆ.

ಗಾಳಿಯನ್ನು ಮರೆಯಬಾರದು. ಪಡುವಣ ಗಾಳಿ ಬೀಸುವಾಗ ಅಲೆ ಬಡಿದು ನೀರು ರಾಡಿಯಾದ ದಂಡೆಯಲ್ಲೇ ಗೆಂಡೆ ಮೇಯುತ್ತದೆ. ಕೂರಲು ಕಷ್ಟವಾದರೂ ಅಲ್ಲೇ ಕೂರಬೇಕು. ನೀರು ಹಸಿರಾಗಿ ಪಾಚಿ ಕೆನೆಗಟ್ಟಿದ ದಿನ ಮಾತ್ರ ಇದು ತಿರುಗಿಬೀಳುತ್ತದೆ, ಗಾಳಿ ಆ ಕೆನೆಯನ್ನೆಲ್ಲ ತಂದು ಅದೇ ದಂಡೆಗೆ ಹಾಕುತ್ತದೆ. ಗುಳ್ಳೆ ಒಂದೇ ಕಡೆ ಏಳುತ್ತಿದ್ದರೆ ಕೊಳೆತ ಕೆಸರಿನ ಗಾಳಿ. ಸಣ್ಣ ಗುಳ್ಳೆಗಳ ಗುಂಪು ಮೊಳ ಮೊಳ ಮುಂದಕ್ಕೆ ಸಾಗುತ್ತಿದ್ದರೆ ಕೆಳಗೆ ಗೆಂಡೆ ಕೆದಕುತ್ತಿದೆ.

ಜಾಗ ಗಟ್ಟಿಯಾದ ಮೇಲೆ ಮೂರು ಸಂಜೆ ಮೇವು. ಗಂಗಾವತಿ, ಕಾರಟಗಿ ರೈಸ್‌ಮಿಲ್‌ಗಳ ಅಕ್ಕಿ ತೌಡು 1 ಕೆ.ಜಿ., ರಾತ್ರಿ ನೆನೆಸಿದ ಶೇಂಗಾ ಹಿಂಡಿ 250 ಗ್ರಾಂ, ತಳಕ್ಕೆ ಇಳಿಯಲು ಎರಡು ಹಿಡಿ ಮಸಾರಿ ಮಣ್ಣು. ನಿಂಬೆಗಿಂತ ದೊಡ್ಡ ಉಂಡೆ ಆರು, ಒಂದೇ ಗುರುತಿಗೆ. ಹೆಚ್ಚು ಹಾಕಿದರೆ ಜಿಲೇಬಿ ಮೀನು ಮುತ್ತಿಕೊಂಡು ದೊಡ್ಡದನ್ನು ಹತ್ತಿರ ಸೇರಿಸುವುದಿಲ್ಲ. ಕಾಟ್ಲಾಗೆ ತಳದ ಗಾಳ ವ್ಯರ್ಥ, ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ಬೆಂಡಿನಿಂದ ಮೂರು ನಾಲ್ಕು ಅಡಿ ಕೆಳಗೆ ಹಿಟ್ಟು ತೂಗಬೇಕು.

ಹಿನ್ನೀರು ದೂರವಾದವರಿಗೆ ಹಳೆಯ ಅಣೆಕಟ್ಟುಗಳ ಕೆಳಗಿನ ಮಡುಗಳಿವೆ, ಸಿರುಗುಪ್ಪದ ಕಡೆ ಕೆಂಚನಗುಡ್ಡ, ರಾಯಚೂರು ಕಡೆ ರಾಜೋಳಿಬಂಡ. ಬೀಳುವ ನೀರಿಗೆ ಹಾಕಬೇಡಿ, ಅದರ ಪಕ್ಕ ನೀರು ಹಿಂದಕ್ಕೆ ಸುತ್ತುವ ಮೂಲೆಗೆ ಹಾಕಿ. ಸಿಂಧನೂರು ಸೀಮೆಯಲ್ಲಿ ಗದ್ದೆಯ ಬಸಿನೀರು ಹಳ್ಳಕ್ಕೆ ಸೇರುವ ಬಾಯಿಯಲ್ಲಿ ಕೊರಮೀನು ಇರುತ್ತದೆ, ಔಷಧಿ ಹೊಡೆಯುವ ವಾರಗಳಲ್ಲಿ ಅಲ್ಲಿನ ಮೀನು ತಿನ್ನಬೇಡಿ. ಎಡದಂಡೆ ಮುಖ್ಯ ಕಾಲುವೆಯ ಸಿಮೆಂಟ್ ಇಳಿಜಾರಿಗೆ ಇಳಿಯಲೇಬಾರದು, ಪಾಚಿ ಕಟ್ಟಿದ ಆ ಗೋಡೆ ಹಿಡಿದು ಹತ್ತಿ ಬರಲಾಗುವುದಿಲ್ಲ. ಉಪಕಾಲುವೆಯ ಸೇತುವೆ ಸಾಕು. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿ ಸೇತುವೆವರೆಗಿನ ಹೊಳೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಆ ಸುಮಾರು 34 ಕಿ.ಮೀ. ನನ್ನ ಪಟ್ಟಿಯಲ್ಲೇ ಇಲ್ಲ. ಕೆರೆಗಳಾದರೆ ಗುತ್ತಿಗೆ ಹಿಡಿದವರನ್ನು ಮೊದಲು ಕೇಳಬೇಕು.

ಬೇಸಿಗೆಯ ನಡಿಗೆಯಲ್ಲಿ ಇನ್ನೊಂದು ಪಟ್ಟಿಯನ್ನೂ ಮಾಡುತ್ತೇನೆ, ಕಾಲಿಡಬಾರದ ಜಾಗಗಳದ್ದು. ಹಳೆಯ ಹೊಲದ ಬಾವಿ, ಹೂಳು ಒಯ್ಯಲು ತೋಡಿದ ಗುಂಡಿ, ಮೇಲೆ ಒಣಗಿದಂತೆ ಕಂಡು ಒಳಗೆ ತೊಡೆಯವರೆಗೆ ಎಳೆಯುವ ಎರೆ ಕೆಸರು: ಇವು ಮೂರೂ ನೀರು ಬಂದ ಮೇಲೆ ಕಾಣುವುದಿಲ್ಲ. ಹೊಳೆಯ ಮಡುಗಳಲ್ಲಿ, ವಿಶೇಷವಾಗಿ ರಾಯಚೂರು ಜಿಲ್ಲೆಯ ಕೃಷ್ಣೆಯಲ್ಲಿ, ಮೊಸಳೆ ಇರುವುದರಿಂದ ಸಿಕ್ಕಿಕೊಂಡ ಸೀಸ ಬಿಡಿಸಲು ಮೊಣಕಾಲು ನೀರಿಗೂ ಇಳಿಯುವುದಿಲ್ಲ, ದಾರ ಕತ್ತರಿಸುತ್ತೇನೆ.